ಸೊಸೆಯ ಬೆಂಚಿನಲ್ಲಿ ಕೂತೆ

“ಅಮ್ಮಾ, ನೀವು ಹುಡುಗನ ತಾಯಿ ಅಲ್ಲೇನ್ರಿ? ಆ ಕಡಿ ಬೆಂಚಿಗೆ ಕೂಡ್ರಿ,” ಎಂದಳು ವಕೀಲ ಹುಡುಗಿ. ಲಿಂಗಸುಗೂರು ಕೋರ್ಟಿನಲ್ಲಿ ನನ್ನ ಸೊಸೆಗೆ ಸರ್ಕಾರದಿಂದ ಫೀಸಿಲ್ಲದೆ ಸಿಕ್ಕ ವಕೀಲೆ ಅವಳು. ಎದುರು ಬೆಂಚಿನಲ್ಲಿ ನನ್ನ ಮಗ ಕೂತಿದ್ದ. ಹೆಂಡತಿ, ಮಗಳನ್ನು ಮಸ್ಕಿಯಲ್ಲಿ ನನ್ನ ಹತ್ತಿರ ಬಿಟ್ಟು ಸಿಂಧನೂರು ಸೇರಿದವನು, ಮಗಳ ಖರ್ಚಿಗೆ ಕೊಡಲು ತನಗೆ ದುಡಿಮೆಯೇ ಇಲ್ಲ ಎಂದಿದ್ದ.

ನಾನು ಏಳಲಿಲ್ಲ. ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು.

“ದುಡಿಮಿ ಇಲ್ಲಂತಾನಲ್ಲ, ಸಿಂಧನೂರ ಬಾಜೂಕ ಗೊರೇಬಾಳದಾಗ ಭತ್ತ ಕೊಯ್ಯೋ ಮಷಿನ್ ಯಾರು ಓಡಸ್ತಾರ, ಕೇಳ್ರಿ ಅವನ್ನ,” ಎಂದೆ.

ಮಗ ಸಿಟ್ಟಾದ. “ಯವ್ವಾ, ನೀ ಯಾರ ಕಡಿಯಾಕಿ?”

“ಇನ್ನೂ ದುಡಿಯಾಕ ಬಾರದಾಕಿ ಕಡಿಯಾಕಿ,” ಎಂದು ಮೊಮ್ಮಗಳ ತಲೆ ಸವರಿದೆ.

ವಕೀಲ ಹುಡುಗಿ ಫೈಲು ಅಡ್ಡ ಹಿಡಿದು ನಕ್ಕಳು. ಸೊಸೆಯೂ ನಕ್ಕಳು. ಕೊನೆಗೆ ತಲೆ ಕೆರೆದುಕೊಳ್ಳುತ್ತಾ ಮಗನೂ ನಕ್ಕು, ತಿಂಗಳು ತಿಂಗಳು ಕೊಡಲು ಒಪ್ಪಿದ.

ಆಮೇಲೆ ಕೆಲವು ದಿನ ನನ್ನ ಸಂಗಡ ಮಾತು ಬಿಟ್ಟಿದ್ದ. ನನ್ನ ಕೈಯ ಹುಳಿಹುಳಿ ಪುಂಡಿಪಲ್ಲೆ ನೆನಪಾದಾಗ ತಾನೇ ಮಸ್ಕಿಗೆ ಬಂದು ತಾಟಿನ ಮುಂದೆ ಕೂತ. ಬಡಿಸಿದೆ, ಮಗಳ ದುಡ್ಡು ಕೊಟ್ಟಿದ್ದಾನೋ ಇಲ್ಲವೋ ಎಂದು ಸೊಸೆಯನ್ನು ಕೇಳಿದ ಮೇಲೆ.