ಮೈಕಿನ ಬೆನ್ನ ಬದಿ

ಟಕ್, ಟಕ್, ಫೂ. ನನ್ನ ತಮ್ಮ ಮೈಕಿನ ಜಾಳಿಗೆಗೆ ಬೆರಳಿನಿಂದ ಕುಟ್ಟಿ ಊದುತ್ತಿದ್ದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಎರಡು ಸಾವಿರದ ಇಸವಿ ದಾಟಿತ್ತು. ಮಗಳ ಮದುವೆಗೆಂದು ಕಾರವಾರದ ಮನೆಯಲ್ಲಿ ಅವನು ಸೋಬಾನೆ ಹಾಡುಗಳ ರೆಕಾರ್ಡಿಂಗ್ ಇಟ್ಟುಕೊಂಡಿದ್ದ. ಹಸೆಯ ಮುಂದೆ ಕೂತು ಹಾಡುವವರು ಈಗ ಯಾರಿದ್ದಾರೆ, ಸಿ.ಡಿ. ಹಾಕಿದರಾಯಿತು ಎಂಬುದು ಅವನ ಹೆಂಡತಿಯ ಐಡಿಯಾ. ವೆರಿ ಮಾಡರ್ನ್.

ಹಾಡು ಪೂರ್ತಿ ಬರುತ್ತಿದ್ದದ್ದು ಸುಂಕಸಾಳದಲ್ಲಿದ್ದ ನಮ್ಮ ಅಕ್ಕನಿಗೆ ಮಾತ್ರ. ಮದುಮಗಳನ್ನು ಕೂಸಿನಿಂದ ಸಾಕಿದವಳು, ಅದೇ ಹಾಡು ಹೇಳಿ ಮಲಗಿಸಿದವಳು. ಆದರೆ ಗಂಡ ಸತ್ತವಳು. ಹಸೆಯ ಹತ್ತಿರ ಸುಳಿಯುವಂತಿಲ್ಲ. ಬಂದವಳೇ ನನ್ನನ್ನು ಪಕ್ಕಕ್ಕೆ ಕರೆದಳು.

"ನಂಗೆ ಮಂಟಪಕ್ಕೆ ಹೋಗೂಕಾಗೂದಿಲ್ಲ ತಂಗಿ. ದನಿ ಹೋದ್ರೆ ಯಾರು ತಡೀತ್ರು? ದನಿಗೆ ಕುಂಕುಮ ಇದ್ಯೋ ಇಲ್ವೋ ಯಾರು ಕಂಡ್ರು?"

ತಮ್ಮ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಡೈನಾಮಿಕ್ ಮೈಕು, ಕೈಗೆ ಭಾರ. "ಬಾಯಿಂದ ನಾಲ್ಕು ಬೆರಳು. ದೂರ ಹೋದ್ರೆ ಇದು ಹಿಡಿಯೂದಿಲ್ಲ. ಸ್ವಲ್ಪ ಓರೆ ಕೂತ್ಕಣಿ, ಇಲ್ದಿದ್ರೆ ಪ, ಬ ಎಲ್ಲಾ ಪಟಾಕಿ ಹೊಡೀತದೆ."

ಅಕ್ಕ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕೂತಳು. ತಮ್ಮನ ಹೆಂಡತಿ ನಕ್ಕಳು.

"ಅತ್ತಿಗೆ, ಅದು ಮುತ್ತೈದೇರ ಜಾಗ. ನೀವು ಹಿಂದೆ ಕೂತು ಸಾಲು ಹೇಳಿಕೊಡಿ, ಸಾಕು."

"ಸಿ.ಡಿ.ಲಿ ನನ್ನ ಮುಖ ಕಾಣೂದಿಲ್ಲಲೇ."

"ನಾಳೆ ಹುಡುಗಿಗೆ ಏನಾರೂ ಆದ್ರೆ ನೀವು ಜವಾಬ್ದಾರಿನಾ?"

ಅಕ್ಕ ತಮ್ಮನನ್ನು ನೋಡಿದಳು. ಅವನು ಕೈಯಲ್ಲಿದ್ದ ವಯರನ್ನು ನೋಡಿದ. ಆಮೇಲೆ ದಾರಿ ಹೊಳೆದವನ ಖುಷಿಯಲ್ಲಿ ಹೇಳಿದ: "ಹಿಂದೆ ಕೂತ್ರೆ ಒಳ್ಳೇದೇ ಅಕ್ಕ. ಈ ಮೈಕಿಗೆ ಬೆನ್ನ ಬದಿ ಕಿವುಡು. ನೀ ಎಷ್ಟು ಹೇಳಿಕೊಟ್ರೂ ರೆಕಾರ್ಡಿಗೆ ಬೀಳೂದಿಲ್ಲ."

ಹೌ ಕನ್ವೀನಿಯೆಂಟ್. "ದಿಸ್ ಈಸ್ ನಾಟ್ ಫೇರ್," ಎಂದೆ ನಾನು.

"ಸಣ್ಣತ್ತಿಗೆದು ಕಾನ್ವೆಂಟ್ ಶುರುವಾಯ್ತು," ಎಂದಳು ತಮ್ಮನ ಹೆಂಡತಿ. ಕೋಣೆಯೆಲ್ಲ ನಕ್ಕಿತು.

ಮೈಕಿನ ಮುಂದೆ ಐವರು ಮುತ್ತೈದೆಯರು, ಆಫೀಸರುಗಳ ಹೆಂಡಂದಿರು. ಹಿಂದೆ ಚಾಪೆಯ ಮೇಲೆ ಅಕ್ಕ. ಅವಳು ಮೆಲ್ಲಗೆ ಒಂದು ಸಾಲು ಹೇಳುವುದು, ಇವರು ಅದನ್ನು ಎತ್ತಿಕೊಳ್ಳುವುದು. ಹಳೆಯ ಹಾಡಿನ ಮಾತು ಇವರಿಗೆ ಅರ್ಥವಾಗುತ್ತಿರಲಿಲ್ಲ, ಕಿವಿಗೆ ಬಿದ್ದದ್ದನ್ನೆಲ್ಲ ಹಾಡುತ್ತಿದ್ದರು. ಧಾರೆಯ ಹಾಡಿನ ನಡುವೆ ಅಕ್ಕನಿಗೆ ದಮ್ಮು ಹತ್ತಿತು. "ತಡೀರೇ ಹೆಣ್ಣೇ, ಉಸಿರು ಸಿಕ್ಕೂದಿಲ್ಲ," ಎಂದಳು.

"ತಡೀರೇ ಹೆಣ್ಣೇ, ಉಸಿರು ಸಿಕ್ಕೂದಿಲ್ಲ," ಎಂದು ಐವರೂ ರಾಗವಾಗಿ ಹಾಡಿದರು.

ಹೆಡ್‌ಫೋನ್ ಹಾಕಿಕೊಂಡಿದ್ದ ತಮ್ಮ ಹೆಬ್ಬೆರಳೆತ್ತಿದ. ಅಕ್ಕ ಒಂದು ಗಳಿಗೆ ಅವನನ್ನೇ ದಿಟ್ಟಿಸಿದಳು. ಮುಂದಿನ ಸಾಲು ಹೇಳಿದಳು.

ಮದುವೆ ಅಂಕೋಲೆಯ ಹಾಲ್‌ನಲ್ಲಿ. ಅಕ್ಕನನ್ನು ಹಿಂದುಗಡೆ, ತರಕಾರಿ ಹೆಚ್ಚುವಲ್ಲಿ ಕೂರಿಸಿದ್ದರು. ಅಲ್ಲಿಯ ಕಂಬಕ್ಕೂ ಒಂದು ಸ್ಪೀಕರ್ ಕಟ್ಟಿತ್ತು. ಅವಳು ಅದರ ಕೆಳಗೇ ಮಣೆ ಎಳೆದುಕೊಂಡು, ಹಾಡು ಹಾಡಿಗೂ ಕೈ ನಿಲ್ಲಿಸಿ ಕೇಳುತ್ತಿದ್ದಳು. ಬೆನ್ನ ಬದಿಯಿಂದಲೂ ಎಲ್ಲೋ ಒಂದೆಳೆ ನುಸುಳಿರಬಹುದು ಎಂಬ ಆಸೆ. ಧಾರೆಯ ಹೊತ್ತಿಗೆ ಆ ಸಾಲು ಬಂತು: ತಡೀರೇ ಹೆಣ್ಣೇ, ಉಸಿರು ಸಿಕ್ಕೂದಿಲ್ಲ. ಮಂಟಪದಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅಕ್ಷತೆ ಬಿತ್ತು.

"ಕೇಳ್ದ್ಯಾ ತಂಗಿ?" ಎಂದಳು ಅಕ್ಕ. "ಹೇಳಿದ್ದು ಬಂತು. ಹೇಳ್ದವಳು ಬರ್ಲಿಲ್ಲ."

ಅವಳು ಊಟಕ್ಕೆ ನಿಲ್ಲಲಿಲ್ಲ. ರಿಕ್ಷಾದಲ್ಲಿ ಬಾಳೆಗುಳಿ ಕ್ರಾಸಿಗೆ ಕರೆದೊಯ್ದು, ಸುಂಕಸಾಳದ ಮೇಲೆ ಹೋಗುವ ಯಲ್ಲಾಪುರದ ಬಸ್ಸು ಹತ್ತಿಸಿದೆ. ತಮ್ಮ ಕೊಟ್ಟಿದ್ದ ಸಿ.ಡಿ.ಯನ್ನು ಕಿಟಕಿಯಿಂದ ಅವಳ ಕೈಗಿತ್ತೆ. ಅದನ್ನು ತಿರುಗಿಸಿ ಹೊಳೆಯುವ ಬದಿ ನೋಡಿದಳು, ಇನ್ನೊಂದು ಬದಿಯನ್ನೂ ನೋಡಿದಳು.

"ಇದ್ಕೂ ಒಂದು ಬದಿ ಕಿವುಡೇ?"

ಬಸ್ಸು ಹೊರಟಿತು. ಅವಳು ಸಿ.ಡಿ.ಯನ್ನು ನನ್ನ ಕೈಗೇ ಹಿಂದಕ್ಕೆ ತುರುಕಿದಳು. ಮತ್ತೆ ನಾನವಳನ್ನು ನೋಡಲಿಲ್ಲ.