ಬೇಲೆಕೇರಿಯ ರ‍್ಯಾಂಪಿನಲ್ಲಿ ಮೂರೂವರೆ ಅಡಿ ನೀರು

2007ರಲ್ಲಿ ನಾನು ಕಾರವಾರದ ಒಂದು ಸಣ್ಣ ಖಾಸಗಿ ಹಾಯಿದೋಣಿ ಶಾಲೆಯಲ್ಲಿ ಮುಖ್ಯ ತರಬೇತುದಾರನಾಗಿದ್ದೆ. ‘ಮುಖ್ಯ’ ಎಂಬುದು ಬೋರ್ಡಿನ ಮೇಲಿದ್ದ ಮಾತು. ಶಾಲೆಯಲ್ಲಿ ಇದ್ದವರೇ ಇಬ್ಬರು, ಅದರಲ್ಲಿ ಇನ್ನೊಬ್ಬ ಕಾವಲುಗಾರ. ರಜೆಯಲ್ಲಿ ಬರುವ ಕಾಲೇಜು ಹುಡುಗರಿಗೆ ಗಂಟು ಹಾಕುವುದು, ಗಾಳಿ ನೋಡುವುದು, ಹಾಯಿ ತಿರುಗಿಸುವುದು ಕಲಿಸುವುದು ನನ್ನ ಕೆಲಸ. ಉಳಿದ ದಿನಗಳಲ್ಲಿ ದೋಣಿ ಇಟ್ಟುಕೊಂಡವರು ಏನಾದರೂ ಕೇಳಿಕೊಂಡು ಬಂದರೆ ಹೋಗಿ ನೋಡಿ ಬರುತ್ತಿದ್ದೆ. ದತ್ತಾ ಬಂದದ್ದು ಹಾಗೆ, ಮೇ ತಿಂಗಳಲ್ಲಿ.

ಅವನ ಮನೆತನ ತಲೆತಲಾಂತರದಿಂದ ಕಡಲಂಚಿನದು. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮೇಲೆ ಅಂಕೋಲಾ ಕಡೆಯ ಪುನರ್ವಸತಿ ಕಾಲೊನಿಯಲ್ಲಿ ಮನೆ ಸಿಕ್ಕಿತ್ತು. ಮನೆ ಚೆನ್ನಾಗಿಯೇ ಇತ್ತು, ನಳ ಇತ್ತು, ಕರೆಂಟ್ ಇತ್ತು. ಸಮುದ್ರ ಮಾತ್ರ ಇರಲಿಲ್ಲ. ಇಪ್ಪತ್ತು ವರ್ಷ ಹಾಯಿ ಹಿಡಿದ ಆ ಮನುಷ್ಯ ಈಗ ಬೇಲೆಕೇರಿಗೆ ಬರುವ ಅದಿರಿನ ಲಾರಿಗಳ ತಾಡಪಾಲು ಕಟ್ಟುವ, ಬಿಚ್ಚುವ ಕೂಲಿ ಮಾಡುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬಿನವರೆಗೂ ಕೆಂಪು ಧೂಳು. ಅದನ್ನು ತೊಳೆದುಕೊಂಡು ಅಂಗಳಕ್ಕಿಳಿದು, ಎರಡು ಮಳೆಗಾಲ ದಾಟುವಷ್ಟು ಕಾಲ, ಹತ್ತೊಂಬತ್ತು ಅಡಿಯ ಒಂದು ಹಾಯಿದೋಣಿ ಕಟ್ಟಿದ್ದ.

ದೇವಬಾಗದಲ್ಲಿ ಪ್ರವಾಸಿಗರನ್ನು ಕಾಳಿ ನದಿಯ ಬಾಯಿಯಲ್ಲಿ ಹಾಯಿದೋಣಿಯಲ್ಲಿ ಸುತ್ತಾಡಿಸಲು ಒಂದು ಹೋಟೆಲಿನವರಿಗೆ ಜನ ಬೇಕಾಗಿತ್ತು. ದೋಣಿಗೆ ತಪಾಸಣೆಯ ಪ್ರಮಾಣಪತ್ರ ಮಳೆಗಾಲಕ್ಕೆ ಮೊದಲೇ ಸಿಕ್ಕಿದರೆ ಕೆಲಸ ದತ್ತಾನದು. ಇಲ್ಲದಿದ್ದರೆ ಮೋಟಾರು ಬೋಟಿನ ಇನ್ನೊಬ್ಬ ತಯಾರಾಗಿ ನಿಂತಿದ್ದ. ತಪಾಸಣೆಯ ಅಧಿಕಾರಿ ಆ ಹಂಗಾಮಿನಲ್ಲಿ ಬೇಲೆಕೇರಿಗೆ ಬರುವುದು ಇನ್ನೊಂದೇ ದಿನ. ದೋಣಿ ನೀರಿನ ಮೇಲೆ ತೇಲಿ, ಹಾಯಿ ಬಿಚ್ಚಿ, ಒಂದು ಸುತ್ತು ಹಾಕುವುದನ್ನು ಅವರು ಕಣ್ಣಾರೆ ನೋಡಬೇಕು. ಕೂಲಿ ಬಿಟ್ಟು ಮತ್ತೆ ನೀರಿಗೆ ಮರಳಲು ದತ್ತಾನಿಗೆ ಇದ್ದ ದಾರಿ ಇದೊಂದೇ.

ತೊಂದರೆ ಇದ್ದದ್ದು ದೋಣಿಯನ್ನು ನೀರಿಗೆ ಇಳಿಸುವುದರಲ್ಲಿ. ಪ್ರವಾಸಿಗರು ಹೆದರಬಾರದೆಂದು ದತ್ತಾ ದೋಣಿಯ ಅಡಿಗೆ ಕೀಲ್ ಕೂಡಿಸಿದ್ದ. ಕೀಲ್ ಎಂದರೆ ತಳದಿಂದ ಕೆಳಗೆ ಇಳಿದಿರುವ ಭಾರದ ಹಲಗೆ; ಗಾಳಿ ಎಷ್ಟು ತಳ್ಳಿದರೂ ದೋಣಿ ಮಗುಚುವುದಿಲ್ಲ. ಇವನದು ಎರಡೂವರೆ ಅಡಿ ಆಳದ್ದು, ಮೇಲೆತ್ತಲು ಬರುವುದಿಲ್ಲ. ಒಟ್ಟು ತೂಕ ಏಳುನೂರು ಕಿಲೋದ ಹತ್ತಿರ, ಹೊತ್ತು ಒಯ್ಯುವ ಮಾತೇ ಇಲ್ಲ. ಕಾಲೊನಿಯಿಂದ ಕಡಲಿಗೆ ಟ್ರೇಲರ್ ಮೇಲೆಯೇ ಬರಬೇಕು. ಜೀಪಿನ ಹಿಂದೆ ಕಟ್ಟಿದ ಟ್ರೇಲರನ್ನು ಇಳಿಜಾರಿನ ಕಾಂಕ್ರೀಟ್ ರ‍್ಯಾಂಪಿನ ಮೇಲೆ ಹಿಮ್ಮುಖವಾಗಿ ನೀರಿಗೆ ಇಳಿಸುತ್ತಾ ಹೋದರೆ, ಸಾಕಷ್ಟು ಆಳ ಬಂದಾಗ ದೋಣಿ ತಾನೇ ತೇಲುತ್ತದೆ, ಖಾಲಿ ಟ್ರೇಲರನ್ನು ಎಳೆದುಕೊಂಡರಾಯಿತು. ಟ್ರೇಲರಿನ ಎತ್ತರವೂ ಸೇರಿ ನಮಗೆ ನಾಲ್ಕು ಅಡಿ ನೀರು ಬೇಕಿತ್ತು. ಬೇಲೆಕೇರಿಯ ರ‍್ಯಾಂಪ್ ಮಳೆಗಾಲದಲ್ಲಿ ಮೀನು ದೋಣಿಗಳನ್ನು ಮೇಲಕ್ಕೆಳೆಯಲು ಮಾಡಿದ್ದು. ಅವುಗಳ ತಳ ಚಪ್ಪಟೆ, ಮೊಣಕಾಲುದ್ದ ನೀರು ಸಾಕು. ಕಾಂಕ್ರೀಟ್ ಮುಗಿದಲ್ಲಿಂದ ಮುಂದೆ ಬರೀ ಮೆತ್ತನೆಯ ಮರಳು.

ಅಧಿಕಾರಿ ಬರುವ ದಿನ ಅಷ್ಟಮಿ. ಕರಾವಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಹುಣ್ಣಿಮೆ ಅಮಾವಾಸ್ಯೆಗೆ ಭರತಿಯ ನೀರು ಮೇಲೇರಿ ಬರುತ್ತದೆ, ಅಷ್ಟಮಿಗೆ ಬಂದಂತೆ ಮಾಡಿ ಹಿಂದೆ ಹೋಗುತ್ತದೆ. ಕ್ರೇನ್ ಇರುವ ಬಂದರಿನ ಧಕ್ಕೆಯಲ್ಲಿ ಇಳಿಸೋಣವೆಂದು ಅರ್ಜಿ ಹಾಕಿದ್ದೆವು, ಅನುಮತಿ ಆ ದಿನದೊಳಗೆ ಬರುವಂತಿರಲಿಲ್ಲ. ಹಿಂದಿನ ದಿನ ಭರತಿಯ ಹೊತ್ತಿಗೆ ನಾನು ರ‍್ಯಾಂಪಿನ ತುದಿಗೆ ನಡೆದುಹೋಗಿ ಅಳೆದೆ. ಮೂರೂವರೆ ಅಡಿ, ಮೇಲೆ ಒಂದು ಬೆರಳು. ಒಂದು ಉಪಾಯವಿತ್ತು. ಹಾಯಿಯ ಕಂಬದ ತುದಿಗೆ ಹಗ್ಗ ಕಟ್ಟಿ ಪಕ್ಕದಿಂದ ಎಳೆದರೆ ದೋಣಿ ವಾಲುತ್ತದೆ, ವಾಲಿದಾಗ ಕೀಲ್ ಓರೆಯಾಗಿ ಮೇಲೇಳುತ್ತದೆ, ಆಗ ಅರ್ಧ ಅಡಿ ಕಡಿಮೆ ನೀರು ಸಾಕಾಗುತ್ತದೆ. ಆದರೆ ದೋಣಿಯ ಹಿಂಭಾಗ ಮೊದಲು ನೀರಿಗೆ ಹೋಗಬೇಕು. ಹಿಂಭಾಗ ಅಗಲ, ನೀರು ತಾಗಿದ ಕೂಡಲೇ ಎತ್ತಿಕೊಳ್ಳುತ್ತದೆ. ಮುಂಭಾಗ ಚೂಪು, ನೀರನ್ನು ಸೀಳುತ್ತದೆಯೇ ಹೊರತು ಎತ್ತುವುದಿಲ್ಲ. ಇದನ್ನೆಲ್ಲ ದತ್ತಾನಿಗೆ ಎರಡೆರಡು ಸಲ ಹೇಳಿದೆ. ಅವನು ತಲೆಯಾಡಿಸಿದ. ಅವನು ತಲೆಯಾಡಿಸುವ ರೀತಿ ನನಗೆ ಸರಿಬರಲಿಲ್ಲ, ಆದರೂ ನಾಲ್ಕಾಣೆ ಭರವಸೆ ಇಟ್ಟುಕೊಂಡು ಕಾರವಾರಕ್ಕೆ ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಟ್ರೇಲರಿನ ಮೇಲೆ ದೋಣಿಯನ್ನು ತಿರುಗಿಸಿ ಕೂರಿಸಿದ್ದರು. ಮೂತಿ ಸಮುದ್ರದ ಕಡೆ, ಅದರ ಮೇಲೆ ಅರಿಶಿನ ಕುಂಕುಮ, ಅಬ್ಬಲಿಗೆ ಮಾಲೆ. ನೆಂಟರಿಷ್ಟರೆಲ್ಲ ಸೇರಿ ಕಾಲೊನಿಯಲ್ಲೇ ಚೈನ್ ಪುಲ್ಲಿ ಕಟ್ಟಿ ಮಾಡಿದ ಕೆಲಸ. ನನಗೆ ಮೈಯೆಲ್ಲ ಉರಿಯಿತು. ಓದಿದ್ದು, ಅಳೆದದ್ದು, ಗಂಟಲು ಹರಿದುಕೊಂಡದ್ದು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಎಲ್ಲರೆದುರು ಕೂಗಾಡಿದೆ. ದತ್ತಾ ಮೂತಿಯ ಮೇಲಿನ ಮಾಲೆಯನ್ನು ಸರಿಮಾಡಿದ.

“ಸಮುದ್ರಕ್ಕೆ ಬೆನ್ನು ಹಾಕಿ ದೋಣಿ ಇಳ್ಸೂದು ನಮ್ಮಲ್ಲಿಲ್ಲ ಸರ್,” ಎಂದಷ್ಟೇ ಹೇಳಿದ.

ಅವನ ಹೆಂಡತಿ ಗುಲಾಬಿ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು. ದತ್ತಾನ ತಮ್ಮ ಒಮ್ಮೆ ಗಡಿಬಿಡಿಯಲ್ಲಿ ದೋಣಿಯನ್ನು ತಿರುಗಿಸದೆ ಹಿಂದುಮುಂದಾಗಿಯೇ ತಳ್ಳಿಕೊಂಡು ಹೋಗಿದ್ದನಂತೆ. ದೋಣಿಯೂ ಬರಲಿಲ್ಲ, ಅವನೂ ಬರಲಿಲ್ಲ. ಆ ದಿನ ದೋಣಿಗೆ ಕೈ ಕೊಟ್ಟು ತಳ್ಳಿದವನು ದತ್ತಾ. ಮತ್ತೆ ತಿರುಗಿಸಲು ಪುಲ್ಲಿ ಕಾಲೊನಿಯಲ್ಲಿತ್ತು, ಭರತಿ ತುಂಬುತ್ತಾ ಬಂದಿತ್ತು, ಅಧಿಕಾರಿಯ ಕಾರು ರಸ್ತೆಯಲ್ಲಿ ನಿಂತಿತ್ತು. ಹೀಗೇ ಇಳಿಸೋಣ ಎಂದೆ.

ಗುಲಾಬಿ ಕಾಯಿ ಒಡೆದಳು. ಜೀಪಿನ ಅಂತೋನ ನಿಧಾನಕ್ಕೆ ಹಿಂದೆ ಬಿಟ್ಟ. ನಾಲ್ಕು ಜನ ಕಂಬದ ಹಗ್ಗ ಹಿಡಿದು ಪಕ್ಕದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು. ದೋಣಿಯ ಮೂತಿ ನೀರೊಳಗೆ ಹೋಯಿತು, ಏಳಲಿಲ್ಲ. ಅಗಲದ ಭಾಗ ಇನ್ನೂ ಗಾಳಿಯಲ್ಲೇ ಇತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ದತ್ತಾ ಕೈಮಾಡುತ್ತಿದ್ದ. ಸೈಲೆನ್ಸರಿಗೆ ನೀರು ನುಗ್ಗುತ್ತದೆಂದು ಅಂತೋನ ಮೇಲಕ್ಕೆ ಎನ್ನುತ್ತಿದ್ದ, ನೆಂಟರು ಕೆಳಕ್ಕೆ ಎನ್ನುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ನಾನು ನಿಲ್ಲಿಸಿ ಎಂದು ಕೈ ಎತ್ತುವಷ್ಟರಲ್ಲಿ ಟ್ರೇಲರಿನ ಎಡಗಾಲಿ ಕಾಂಕ್ರೀಟಿನ ಅಂಚು ದಾಟಿ ಮರಳಿಗೆ ಕುಸಿಯಿತು.

ದೋಣಿ ಎಡಕ್ಕೆ ಜಾರಿತು. ಹಗ್ಗ ಹಿಡಿದವರು ಬಿಟ್ಟು ಈಚೆ ಬಂದರು, ಬರದಿದ್ದರೆ ಅಡಿಗೆ ಸಿಗುತ್ತಿದ್ದರು. ಕೀಲ್ ಟ್ರೇಲರಿನ ಕಬ್ಬಿಣಕ್ಕೆ ಸಿಕ್ಕಿ ಒಮ್ಮೆ ತಿರುಚಿತು, ಒಳಗಿನಿಂದ ಹಸಿ ಬಿದಿರು ಸೀಳಿದಂಥ ಸದ್ದು ಬಂತು. ಎಲ್ಲರೂ ಸೇರಿ ನೂಕಿದರು, ಅಂತೋನ ಎಳೆದ, ಗಾಲಿ ಇನ್ನಷ್ಟು ಹೂತಿತು. ಅಷ್ಟಮಿಯ ನೀರು ಕಾಯುವುದಿಲ್ಲ. ನೋಡನೋಡುತ್ತಾ ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಇಳಿಯಿತು. ದೋಣಿ ಮಗ್ಗುಲಾಗಿ ಮಲಗಿತು. ಕೀಲ್ ಕೂಡಿದ ಕಡೆ ತಳದ ಹಲಗೆ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು.

ಅಧಿಕಾರಿ ಒಳ್ಳೆಯವರು. ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಸುತ್ತಲೂ ನೋಡಿದರು. ಕೆಲಸ ಅಚ್ಚುಕಟ್ಟಾಗಿದೆ, ರಿಪೇರಿ ಮಾಡಿಸಿ, ಮಳೆಗಾಲ ಕಳೆದ ಮೇಲೆ ನಾನೇ ಬಂದು ನೋಡುತ್ತೇನೆ ಎಂದರು. ಮಳೆಗಾಲ ಕಳೆದ ಮೇಲೆ ದೇವಬಾಗದಲ್ಲಿ ಜಾಗ ಖಾಲಿ ಇರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಿಗೆ ಅದನ್ನು ಯಾರೂ ಹೇಳಲಿಲ್ಲ, ಹೇಳಿ ಆಗುವುದೂ ಏನಿರಲಿಲ್ಲ.

ಅವರು ಹೋದ ಮೇಲೆ ನೆಂಟರು ಚಹಾಕ್ಕೆಂದು ಒಬ್ಬೊಬ್ಬರೇ ಮೇಲೆ ಹೋದರು. ನಾನು, ದತ್ತಾ, ಗುಲಾಬಿ ಒದ್ದೆ ಕಾಂಕ್ರೀಟಿನ ಮೇಲೆ ಕೂತೆವು. ನನಗೆ ಅಳು ಬರುವಷ್ಟು ಬೇಸರವಾಗಿತ್ತು, ಆದರೆ ಅಳುವ ಹಕ್ಕು ಇದ್ದವರು ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ದತ್ತಾ ಕೇಳಿದ.

“ಸರ್, ನೀವ್ ಹೇಳ್ದ ಹಾಂಗೆ ಇಳ್ಸಿದ್ರೆ ತೇಲ್ತಿತ್ತಾ?”

ಗುಲಾಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ತೇಲುತ್ತಿತ್ತು. ಆ ದಿನ ಭರತಿ ತುಂಬಿದಾಗ ರ‍್ಯಾಂಪಿನ ತುದಿಯಲ್ಲಿ ವಾಲಿಸಿ ಇಳಿಸಲು ಬೇಕಾದ ಮೂರೂವರೆ ಅಡಿ ನೀರು ಬಂದಿತ್ತು, ಅದನ್ನು ನಾನು ಕಣ್ಣಾರೆ ನೋಡಿದ್ದೆ. “ಇಲ್ಲ ದತ್ತಾ, ಹೇಗೆ ಇಳಿಸಿದ್ರೂ ನೀರು ಸಾಲ್ತಿರ್ಲಿಲ್ಲ,” ಎಂದೆ.

ದತ್ತಾ ನನ್ನ ಕಡೆ ತಿರುಗಲಿಲ್ಲ. “ನೀರಿತ್ತು ಸರ್. ನಾನೂ ನೋಡ್ದೆ,” ಎಂದ. ಆಮೇಲೆ, “ಆದ್ರೂ ನಾಳೆ ಮತ್ತೊಂದ್ಸಲ ಇಳ್ಸು ಅಂದ್ರೂ ಬೆನ್ನು ಹಾಕಿ ಇಳ್ಸೂಕೆ ನನ್ನ ಕೈಲಿ ಆಗೂದಿಲ್ಲ. ಹಾಂಗಾಗಿ ಇದು ಮುಗೀತು,” ಎಂದ.

ದೋಣಿಯನ್ನು ಮೇಲಕ್ಕೆ ತಂದದ್ದು ಹುಣ್ಣಿಮೆಯ ಭರತಿಯಲ್ಲಿ. ಅಷ್ಟರಲ್ಲಿ ಬಿರುಕು ತಳದ ಉದ್ದಕ್ಕೂ ಹೋಗಿತ್ತು. ದತ್ತಾ ತಾಡಪಾಲು ಕಟ್ಟುವ ಕೆಲಸಕ್ಕೆ ಮರಳಿದ. ಹೆದ್ದಾರಿಯಲ್ಲಿ ಎರಡು ಸಲ ಕಂಡಿದ್ದೆ, ಲಾರಿಯ ಮೇಲಿಂದಲೇ ಕೈ ಎತ್ತಿದ. ಮೂರನೆಯ ಸಲ ಕಂಡಾಗ ಎತ್ತಲಿಲ್ಲ. ಗುರುತು ಸಿಗದೆಯೂ ಇರಬಹುದು.

ನಾನು ನಿವೃತ್ತನಾಗುವವರೆಗೂ ಟ್ರೇಲರಿನಿಂದ ದೋಣಿ ಇಳಿಸುವ ಪಾಠ ಮಾಡಿದೆ. ರ‍್ಯಾಂಪಿನ ತುದಿಯನ್ನು ಕಾಲಿನಿಂದ ಮುಟ್ಟಿ ನೋಡಿ, ಕೀಲಿನ ಆಳಕ್ಕೆ ಟ್ರೇಲರಿನ ಎತ್ತರ ಕೂಡಿಸಿ, ಹಿಂಭಾಗ ಮೊದಲು ಇಳಿಸಿ ಎಂದು ಹೇಳಿಕೊಟ್ಟೆ. ಅದೆಲ್ಲ ಮೊದಲೇ ಬರುತ್ತಿದ್ದ ವಿದ್ಯೆ. ಬೇಲೆಕೇರಿಯಲ್ಲಿ ಕಲಿತದ್ದು ಒಂದೇ: ಎಲ್ಲ ತಿಳಿದೇ ಸೋತ ಮನುಷ್ಯನಿಗೆ ಸಮಾಧಾನದ ಸುಳ್ಳು ಹೇಳಲು ಹೋಗಬಾರದು. ಅವನ ಕೈಯಲ್ಲಿ ಆ ದಿನ ಉಳಿದಿದ್ದದ್ದು ಆ ತಿಳಿವಳಿಕೆ ಒಂದೇ, ನಾನು ಅದನ್ನೂ ಕಸಿದುಕೊಳ್ಳಲು ನೋಡಿದೆ, ಅವನು ಕೊಡಲಿಲ್ಲ.