ಕಾರು ನಿಂತಿತ್ತೋ, ಹೋಗುತ್ತಿತ್ತೋ?

“ಅಲ್ರೀ ಅಳಿಯಂದ್ರೆ, ಚಪ್ಪಲಿ ಕೊಂಡು ಅದನ್ನ ತಲಿ ಮ್ಯಾಲೆ ಹೊತ್ಕಂಡು ಹೋದಂಗಾತಲ್ಲ ಇದು! ಕಾರಿದ್ದೋರು ರೈಲಿಗೆ ಯಾಕ ಹೋದ್ರಿ?”

ಹೋದ ಭಾನುವಾರ ಹರಿಹರದ ಮನೆಯಲ್ಲಿ ನಮ್ಮ ಅತ್ತೆ ಗೌರಮ್ಮನವರು ಕೇಳಿದ ಪ್ರಶ್ನೆ. ಅವರ ಕೈಯಲ್ಲಿ ಮಗನ ಮೊಬೈಲು. ಮೊಬೈಲಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಆ ಕಾರಿನ ಕೆಳಗೆ ರಸ್ತೆ ಇಲ್ಲ, ರೈಲಿದೆ.

ನನಗೂ ಉತ್ತರ ಗೊತ್ತಿಲ್ಲ. ಆ ಕಾರಿನಲ್ಲೂ ನಾನಿದ್ದೆ, ಆ ರೈಲಿನಲ್ಲೂ ಇದ್ದೆ. ಆದರೂ ಗೊತ್ತಿಲ್ಲ.

ಗೊತ್ತಿರುವಷ್ಟು ಹೇಳುತ್ತೇನೆ. ನನ್ನ ಹೆಂಡತಿಯ ಅಣ್ಣ ರುದ್ರಣ್ಣ ದಾವಣಗೆರೆಯಲ್ಲಿ ಪೈಪು, ಪಂಪ್‌ಸೆಟ್ಟಿನ ವ್ಯಾಪಾರಿ. ಹುಡುಗನಾಗಿದ್ದಾಗ ಕಟಿಂಗ್ ಶಾಪಿನ ಗೋಡೆಯ ಮೇಲೆ ಕೆಂಪು ಕಾರಿನ ಚಿತ್ರ ನೋಡಿದ್ದರಂತೆ. ಅವತ್ತಿನಿಂದ ಒಂದೇ ಆಸೆ: ಒಮ್ಮೆಯಾದರೂ ಅಂಥ ಕಾರನ್ನು ಯುರೋಪಿನ ಬೆಟ್ಟದ ರಸ್ತೆಯಲ್ಲಿ ಓಡಿಸಬೇಕು. (ನನ್ನ ಹೆಂಡತಿ ಹೇಳುವ ಪ್ರಕಾರ ಅದು ಕಟಿಂಗ್ ಶಾಪ್ ಅಲ್ಲ, ಟೈರ್ ಅಂಗಡಿಯ ಕ್ಯಾಲೆಂಡರ್. ಕಾರಿನ ಬಣ್ಣ ಹಳದಿ. ಯಾರನ್ನು ನಂಬುವುದು?)

ಈ ಬೇಸಿಗೆಯಲ್ಲಿ ಹೊರಟೇಬಿಟ್ಟರು. ಕಾರಿಗೆ ಎರಡೇ ಸೀಟು. ಅವರ ಹೆಂಡತಿ ಬರುವುದಿಲ್ಲ ಎಂದರು. “ಮೇಷ್ಟ್ರೆ, ಇಂಗ್ಲಿಷ್ ಮಾತಾಡಾಕೆ ನೀವು ಬರ್ರಿ” ಎಂದು ನನ್ನನ್ನು ಎಳೆದುಕೊಂಡು ಹೋದರು.

ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾರು ಬಾಡಿಗೆಗೆ ಸಿಕ್ಕಿತು. ಆದರೆ ಇಷ್ಟು ಕಿಲೋಮೀಟರ್ ಮಾತ್ರ ಓಡಿಸಬೇಕು ಎಂದು ಕರಾರು. ಬೆಟ್ಟಗಳಿರುವುದು ದೇಶದ ಆ ತುದಿ ದಾಟಿ. ಅಲ್ಲಿಗೆ ಹೋಗುವಷ್ಟರಲ್ಲೇ ಕಿಲೋಮೀಟರ್ ಖರ್ಚಾಗಿಬಿಟ್ಟರೆ? ರುದ್ರಣ್ಣನ ವ್ಯಾಪಾರಿ ತಲೆ ಓಡಿತು. ಅಲ್ಲಿ ಕಾರು ಹೊರುವ ರೈಲುಗಳಿವೆ. ನಾವು ಬೋಗಿಯಲ್ಲಿ, ನಮ್ಮ ಕಾರು ಹಿಂದಿನ ವ್ಯಾಗನ್ನಿನಲ್ಲಿ. ಬೆಳಿಗ್ಗೆ ಆಸ್ಟ್ರಿಯಾದ ಇನ್ಸ್‌ಬ್ರುಕ್. ಮೀಟರ್ ಒಂದಿಷ್ಟೂ ಕದಲಿರುವುದಿಲ್ಲ.

ಅಂದರೆ ಕಾರು ಓಡಿಸಲೆಂದು ಹೋದವರು ಕಾರು ಓಡದಂತೆ ನೋಡಿಕೊಂಡೆವು. ಮದುವೆಗೆಂದು ಕೊಂಡ ಸೀರೆಯನ್ನು ಕವರ್ ಬಿಚ್ಚದೆ ಬೀರುವಿನಲ್ಲಿಡುವ ಮನೆಗಳ ಜನ ನಾವು. ಇದರಲ್ಲಿ ಆಶ್ಚರ್ಯವೇನು?

ವ್ಯಾಗನ್ನಿಗೆ ಎರಡು ಅಂತಸ್ತು. ನಮಗೆ ಕೆಳಗಿನದು. ರುದ್ರಣ್ಣ ಕಾರನ್ನು ಇರುವೆಯ ಹಾಗೆ ಹತ್ತಿಸಿದರು. ಹ್ಯಾಂಡ್‌ಬ್ರೇಕ್ ಎಳಿ, ಗೇರ್‌ನಲ್ಲಿ ನಿಲ್ಲಿಸು, ಇಳಿ ಎಂದು ರೈಲಿನವರು ಸನ್ನೆ ಮಾಡಿದರು. ಇಳಿಯುವುದೇ ಕಷ್ಟ. ಕಾರು ನೆಲಕ್ಕೆ ಅಂಟಿಕೊಂಡಂತಿದೆ, ತಲೆಯ ಮೇಲೆ ಕಬ್ಬಿಣದ ಚಾವಣಿ, ಪಕ್ಕದಲ್ಲಿ ಒಂದು ಗೇಣು ಜಾಗ. ರುದ್ರಣ್ಣನ ಮೈ ಬೇರೆ ದೊಡ್ಡದು. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ತಲೆ. ಬಗ್ಗಿಕೊಂಡೇ ವ್ಯಾಗನ್ನಿನ ಉದ್ದಕ್ಕೂ ನಡೆದು ಹೊರಬಂದರು. “ಯಪ್ಪಾ, ಎಮ್ಮಿ ಈದಂಗಾತು” ಎಂದು ನಕ್ಕರು.

ರೈಲು ಹೊರಟಿತು. ಅಲ್ಲಿ ಬೇಸಿಗೆಯಲ್ಲಿ ಸಂಜೆ ಮುಗಿಯುವುದೇ ಇಲ್ಲ, ಕಿಟಕಿಯಲ್ಲಿ ಇನ್ನೂ ಬಿಸಿಲು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಶೇಂಗಾ ಚಟ್ನಿಯ ಘಮ ಬೋಗಿ ತುಂಬಿತು. ರುದ್ರಣ್ಣ ಕೈಕಾಲು ಮುಖ ತೊಳೆದು ಬಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಪೂಜೆಗೆಂದು ಅಂಗಿಯ ಗುಂಡಿ ಬಿಚ್ಚಿ ಎದೆಗೆ ಕೈ ಹಾಕಿದರು.

ಕೈ ಅಲ್ಲೇ ನಿಂತಿತು.

“ಮೇಷ್ಟ್ರೆ, ಲಿಂಗ ಇಲ್ಲ.”

ಇದು ನನ್ನಂಥವನಿಗೆ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ನನ್ನ ಇಷ್ಟಲಿಂಗ ಮನೆಯ ದೇವರ ಜಗಲಿಯ ಮೇಲೆ ತಣ್ಣಗೆ ಕೂತಿರುತ್ತದೆ. ರುದ್ರಣ್ಣ ಹಾಗಲ್ಲ. ಹುಟ್ಟಿದ ಮಗುವಿಗೆ ಅವರಪ್ಪ ಕಟ್ಟಿಸಿದ ಲಿಂಗ ಅದು. ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಲ್ಲಿ, ಅವತ್ತಿನಿಂದ ಎದೆ ಬಿಟ್ಟಿಲ್ಲ. ಪೂಜೆಯಾಗದೆ ಊಟವಿಲ್ಲ, ನೀರೂ ಇಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಕುಂಯ್ ಎಂದಾಗಲೂ ತೆಗೆಯದೆ, ನನ್ನಿಂದ ಇಂಗ್ಲಿಷಿನಲ್ಲಿ ಒಂದು ಸಣ್ಣ ಉಪನ್ಯಾಸ ಮಾಡಿಸಿದ್ದರು.

ಅಂಗಿ ಝಾಡಿಸಿದರು. ಬನಿಯನ್ ಒಳಗೆ ನೋಡಿದರು. ಬ್ಯಾಗು ಬರಿದು ಮಾಡಿದರು. ಮುಖ ಬೆವರಿತ್ತು.

“ಹೋಟೆಲಿನ ಬಚ್ಚಲದಾಗ ಬಿಟ್ನೇನ್ರಿ? ವಾಪಸ್ ಹೋಗ್ತೀನಿ. ಮುಂದಿನ ಸ್ಟೇಷನ್ನಿಗೆ ಇಳಿದುಬಿಡ್ತೀನಿ.”

ಆಗ ನನ್ನ ಬಾಯಿಂದ ಬಂತು: “ಇಲ್ಲ ಭಾವ. ಕಾರಿನ ಡ್ಯಾಶ್‌ಬೋರ್ಡ್ ಡಬ್ಬ್ಯಾಗ ಇಟ್ರಲ್ಲ. ಸೀಟ್ ಬೆಲ್ಟ್ ಒತ್ತುತ್ತೆ ಅಂತ ತೆಗೆದು, ಬಿಳಿ ಕರ್ಚೀಫಿನಾಗ ಸುತ್ತಿ ಇಟ್ರಿ. ನೀಲಿ ಅಂಚಿಂದು. ನಾನೇ ನೋಡಿದೆ.”

“ನಾನಾ? ನನ್ನ ಕೈಯಾರೆ?”

“ನೀವೇ.”

“ನಾನು ಹಂಗ ತೆಗಿಯೋನಲ್ಲ, ಮೇಷ್ಟ್ರೆ.”

“ತೆಗೆದ್ರಿ ಭಾವ.”

ರೈಲಿನ ಸಿಬ್ಬಂದಿಯೊಬ್ಬನನ್ನು ಕೇಳಿದೆವು. ವ್ಯಾಗನ್ನಿಗೆ ಹೋಗಲು ದಾರಿಯೇ ಇಲ್ಲ, ಬೆಳಿಗ್ಗೆವರೆಗೆ ಕಾಯಬೇಕು ಎಂದ. ಆತನಿಗೆ ಏನು ಕಳೆದಿದೆ ಎಂದು ಹೇಗೆ ಹೇಳುವುದು? “ತುಂಬ ಮುಖ್ಯವಾದದ್ದು” ಎಂದೆ. “ಔಷಧಿಯೇ?” ಎಂದು ಕೇಳಿದ. ರುದ್ರಣ್ಣ ನನ್ನ ಮುಖ ನೋಡಿದರು. ಹೌದು ಎನ್ನುವುದೋ ಅಲ್ಲ ಎನ್ನುವುದೋ ತಿಳಿಯದೆ ಥ್ಯಾಂಕ್ಸ್ ಎಂದು ಬಂದೆ.

ಮುಂದಿನ ಸ್ಟೇಷನ್ ಬಂತು. ರುದ್ರಣ್ಣ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಳಿದು ಹೋಟೆಲಿಗೆ ಹೋಗಬೇಕು. ಇಲ್ಲವೇ ನನ್ನ ಕಣ್ಣನ್ನು ನಂಬಿ ಉಳಿಯಬೇಕು.

“ಮೇಷ್ಟ್ರೆ, ಕಂಡಿದ್ದು ಕಂಡಿದ್ದೇ ತಾನೆ?”

“ಕಂಡಿದ್ದೇ.”

ಬಾಗಿಲು ಮುಚ್ಚಿತು. ಆ ಕ್ಷಣದಿಂದಲೇ ನಾನು ಕಂಡ ಕರ್ಚೀಫು ನೆನಪಿನಲ್ಲಿ ಮಾಸತೊಡಗಿತು.

ನೀವೇ ಯೋಚಿಸಿ. ದಾವಣಗೆರೆಯಿಂದ ಹೊರಟು ಪಕ್ಕದೂರು ಬಾತಿ ದಾಟುವಷ್ಟರಲ್ಲಿ “ಬೀಗ ಹಾಕಿದೀವಾ?” ಎಂದು ಯಾರಾದರೂ ಕೇಳುತ್ತಾರೆ. “ಹಾಕಿ ಎಳೆದು ನೋಡಿದೆ” ಎಂದು ಗಟ್ಟಿಯಾಗಿ ಹೇಳುತ್ತೇವೆ. ಆ ಎಳೆದು ನೋಡಿದ್ದು ಇವತ್ತಿನದೋ, ಹೋದ ಯುಗಾದಿಯದೋ? ಬೀಗ ಕೈಯಲ್ಲಿ ಅಲುಗಿದ್ದು ನೆನಪಿದೆ, ಸರಿ. ಯಾವ ದಿನದ ಬೀಗ? ಮಾತು ಮೊದಲು ಬರುತ್ತದೆ, ಚಿತ್ರ ಆಮೇಲೆ ಬಂದು ಅದರ ಹಿಂದೆ ನಿಲ್ಲುತ್ತದೆ. ನಾನು ನಿಜಕ್ಕೂ ಕರ್ಚೀಫು ನೋಡಿದ್ದೆನೋ, ಆ ಬೆವರಿದ ಮುಖ ನೋಡಲಾರದೆ ಕರ್ಚೀಫು ನೇಯ್ದೆನೋ?

(ಇಲ್ಲಿ “ಹೊರಗೆ ಮಳೆ ಶುರುವಾಗಿತ್ತು” ಎಂದು ಬರೆದು ಹೊಡೆದು ಹಾಕಿದ್ದೇನೆ. ಮಳೆ ಬಂದಿರಲಿಲ್ಲ. ಬಂದಿದ್ದರೆ ಈ ಪ್ಯಾರಾಕ್ಕೆ ಚೆನ್ನಾಗಿ ಹೊಂದುತ್ತಿತ್ತು, ಅಷ್ಟೆ.)

ರುದ್ರಣ್ಣ ನೀರು ಮುಟ್ಟಲಿಲ್ಲ. ನಾನು ರೊಟ್ಟಿ ತಿಂದೆನೋ ಇಲ್ಲವೋ ನೆನಪಿಲ್ಲ. ತಿಂದಿರಬೇಕು. ಬೆಳಿಗ್ಗೆ ಗಂಟಿನಲ್ಲಿ ರೊಟ್ಟಿ ಕಡಿಮೆ ಇದ್ದವು.

ಇನ್ಸ್‌ಬ್ರುಕ್. ಬೆಟ್ಟಗಳೆಲ್ಲ ಇದ್ದವು. ಅವತ್ತು ಅವನ್ನು ನೋಡಿದವರು ನಾವಲ್ಲ. ಕಾರುಗಳು ಒಂದೊಂದಾಗಿ ಇಳಿಯಬೇಕಿತ್ತು. ನಮ್ಮ ಸರದಿ ಬಂದಾಗ ರುದ್ರಣ್ಣ ವ್ಯಾಗನ್ನಿನ ಬಾಯಲ್ಲೇ ನಿಂತರು. “ನೀವು ನೋಡ್ರಿ. ನನ್ನ ಕೈಲಾಗಲ್ಲ” ಎಂದು ಬೆನ್ನು ತಿರುಗಿಸಿದರು.

ತೆವಳಿಕೊಂಡು ಒಳಗೆ ಹೋಗಿ ಡ್ಯಾಶ್‌ಬೋರ್ಡ್ ಡಬ್ಬಿ ತೆಗೆದೆ. ಕಾರಿನ ಕಾಗದ. ಒಂದು ಟಾರ್ಚು. ಕರ್ಚೀಫಿಲ್ಲ. ಏನೂ ಇಲ್ಲ.

ಸೀಟಿನ ಮೇಲೆ, ಸಂದಿಯಲ್ಲಿ, ಕೊನೆಗೆ ಡ್ರೈವರ್ ಸೀಟಿನ ಕೆಳಗೆ ಕೈ ಆಡಿಸಿದೆ. ತಣ್ಣನೆಯ ಬೆಳ್ಳಿ ಬೆರಳಿಗೆ ತಾಗಿತು. ಎಳೆದೆ. ಕರಡಿಗೆ, ಅದರ ಹಿಂದೆ ಶಿವದಾರ. ದಾರದ ಗಂಟು ಬಿಚ್ಚಿತ್ತು. ತಾನಾಗಿ ಬಿಚ್ಚಿದ್ದೋ, ಕೈಯಿಂದ ಬಿಚ್ಚಿದ್ದೋ, ಗಂಟು ಹೇಳಲಿಲ್ಲ.

“ಸಿಕ್ತು ಭಾವ” ಎಂದೆ. ಅಷ್ಟೇ ಎಂದೆ.

ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎಲ್ಲಿ ಎಂದು ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಡಬ್ಬಿಯಲ್ಲಿದೆ ಎಂದು ನಾನೇ ಹೇಳಿದ್ದೆನಲ್ಲ.

ಆಮೇಲಿನ ದಿನಗಳಲ್ಲಿ ಕಾರು ಓಡಿತು, ಬೆಟ್ಟ ಹತ್ತಿತು, ರುದ್ರಣ್ಣ ಕೇಕೆ ಹಾಕಿದರು. ಅದೆಲ್ಲ ಅವರ ಮೊಬೈಲಿನಲ್ಲಿದೆ. ನನ್ನ ತಲೆಯಲ್ಲಿ ಮಾತ್ರ ಆ ಕಾರು ಇನ್ನೂ ರೈಲಿನ ಮೇಲೇ ಇದೆ.

ಈಗ ಹರಿಹರಕ್ಕೆ ಬರೋಣ. ಅತ್ತೆ ಮೊಬೈಲು ಕೆಳಗಿಟ್ಟರು. ಕಣ್ಣು ಮಗನ ಕೊರಳಿಗೆ ಹೋಯಿತು.

“ಶಿವದಾರ ಹೊಸದು ಐತಲ್ಲೋ ರುದ್ರ. ಹಳೇದು ಏನಾತು?”

ರುದ್ರಣ್ಣನಿಗೆ ಸುಳ್ಳು ಬರುವುದಿಲ್ಲ. ಎಲ್ಲ ಹೇಳಿದರು. ರೈಲು, ಬೆವರು, ಉಪವಾಸ. ಕೊನೆಗೆ ಹೆಮ್ಮೆಯಿಂದ, “ಮೇಷ್ಟ್ರು ಕಂಡಿದ್ರವ್ವ. ಅವರು ಹೇಳಿದಂಗೆ ಡಬ್ಬ್ಯಾಗ, ಕರ್ಚೀಫಿನಾಗ ಸುತ್ತಿದ್ದು ಹಂಗೇ ಇತ್ತು” ಎಂದರು.

ಕೇಳಿದಿರಾ? ಕರ್ಚೀಫು ಈಗ ಅವರ ಕಣ್ಣಿಗೂ ಬಿದ್ದಿದೆ!

ಅತ್ತೆಯ ಮುಖ ಗಟ್ಟಿಯಾಯಿತು. “ಡಬ್ಬ್ಯಾಗ ಇತ್ತು ಅಂದ್ರೆ ನಿನ್ನ ಕೈಯಾರೆ ತೆಗೆದ್ಯಾ? ಬೆಲ್ಟ್ ಒತ್ತುತ್ತೆ ಅಂತ?”

ರುದ್ರಣ್ಣ ತಬ್ಬಿಬ್ಬಾದರು. “ಇಲ್ಲವ್ವ, ಬಿದ್ದಿರಬೇಕು. ಇಳಿಯುವಾಗ.”

“ಬಿದ್ದಿದ್ದು ಹಾರಿ ಹೋಗಿ ಡಬ್ಬ್ಯಾಗ ಕುಂತು, ಬಾಗ್ಲ ಹಾಕ್ಕಂತಾ?”

ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ಆದರೆ ಅತ್ತೆ ನಗುತ್ತಿರಲಿಲ್ಲ. ಮೈಮೇಲಿನ ಲಿಂಗವನ್ನು ತಾನೇ ತೆಗೆದಿಟ್ಟಿದ್ದರೆ ಅದು ಒಂದು ತಪ್ಪು. ನೆಲಕ್ಕೆ, ಕಾಲ ಬುಡಕ್ಕೆ ಬಿದ್ದಿದ್ದರೆ ಇನ್ನೂ ದೊಡ್ಡ ದೋಷ. ಆಗ ಆ ಲಿಂಗವನ್ನು ತುಂಗಭದ್ರೆಗೆ ಬಿಟ್ಟು, ಹೊಸದು ಕಟ್ಟಿಸಿಕೊಳ್ಳಬೇಕಾಗಬಹುದು. ರುದ್ರಣ್ಣನ ಕೈ ಕರಡಿಗೆಯ ಮೇಲೆ ಹೋಗಿ ಬಿಗಿಯಾಯಿತು. ಅವರಪ್ಪ ಈಗಿಲ್ಲ. ಅಪ್ಪ ಕಟ್ಟಿಸಿದ್ದರಲ್ಲಿ ಉಳಿದಿರುವುದು ಅದೊಂದೇ.

“ಅಳಿಯಂದ್ರೆ, ನೀವು ಪೇಪರಿಗೆ ಬರೆಯೋರು. ಕಂಡಿದ್ದು ಹೇಳ್ರಿ.”

“ಸೀಟಿನ ಕೆಳಗೆ ಸಿಕ್ತು, ಅತ್ತೆ” ಎಂದೆ.

ರುದ್ರಣ್ಣ ನನ್ನತ್ತ ನೋಡಿದ ರೀತಿ! “ಡಬ್ಬಿ ಅಂದಿದ್ರಲ್ರೀ ಮೇಷ್ಟ್ರೆ!”

“ಸಿಕ್ಕಿದ್ದು ಸೀಟಿನ ಕೆಳಗೆ.”

“ಇಲ್ಲ, ಡಬ್ಬ್ಯಾಗ. ನಾನು ನೋಡಿದೀನಿ.”

“ನೀವು ಬೆನ್ನು ತಿರುಗಿಸಿದ್ರಿ ಭಾವ.”

ಅತ್ತೆ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿ, ಮನೆಗೆ ಬಂದು ಹೋಗುವ ಮಠದ ಅಯ್ಯನವರಿಗೆ ಫೋನ್ ಹಚ್ಚಿಸಿದರು. ಸ್ಪೀಕರಿನಲ್ಲಿ ಎಲ್ಲ ಹೇಳಿದರು. ಎಲ್ಲ ಕೇಳಿಸಿಕೊಂಡು ಅಯ್ಯನವರು ಶುರುಮಾಡಿದರು.

“ಸೀಟಿನ ಕೆಳಗೆ ಅಂದ್ರೆ ಅದು ನೆಲ ಹೆಂಗಾಗ್ತದ್ರಿ? ಕಾರು ರೈಲಿನ ಮ್ಯಾಲಿತ್ತು ಅಂದ್ರಿ.”

“ಹೌದ್ರಿ ಬುದ್ಧಿ” ಎಂದರು ಅತ್ತೆ.

“ರೈಲು ಕಂಬಿ ಮ್ಯಾಲೆ.”

“ಹೌದ್ರಿ.”

“ಅವಾಗ ಕಾರು ನಿಂತಿತ್ತಾ, ಹೋಗ್ತಿತ್ತಾ?”

ಎಲ್ಲರೂ ನನ್ನನ್ನೇ ನೋಡಿದರು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಮೀಟರ್ ಕದಲಿರಲಿಲ್ಲ. ಹಾಗೆಂದು ಬೆಳಗಾಗುವಷ್ಟರಲ್ಲಿ ಒಂದು ದೇಶ ದಾಟಿತ್ತು.

“ಎರಡೂ, ಬುದ್ಧಿ” ಎಂದೆ.

“ಬಂದಾಗ ನೋಡಾಣ ತಗಳ್ರಿ” ಎಂದು ಅಯ್ಯನವರು ಫೋನಿಟ್ಟರು. ಪಾಪ, ಅವರನ್ನು ಯಾರೂ ಇಂಥದ್ದು ಕೇಳಿರಲಿಕ್ಕಿಲ್ಲ.

ಅತ್ತೆ ಮಗನತ್ತ ತಿರುಗಿದರು. “ಇವರಿಗೇ ಸರಿಯಾಗಿ ಗೊತ್ತಿಲ್ಲ. ಇವರ ಮಾತು ನಂಬಿ ರೈಲಿನಾಗ ಕುಂತ್ಯಾ?”

“ನಂಬಿದ್ದಕ್ಕೇ ಸಿಕ್ತಲ್ಲವ್ವ. ಇಳಿದು ಹೋಟೆಲಿಗೆ ಹೋಗಿದ್ರೆ ಏನಿರ್ತಿತ್ತು?”

ಅತ್ತೆ ಮೊಣಕಾಲು ಹಿಡಿದು ಎದ್ದರು. ಒಂದು ಚೊಂಬು ನೀರು, ವಿಭೂತಿ, ನಾಲ್ಕು ಬಿಲ್ವಪತ್ರೆ ತಂದು ಮಗನ ಮುಂದಿಟ್ಟರು. “ಅಯ್ಯನೋರು ಬಂದಾಗ ಬರ್ಲಿ. ನೀನು ಪೂಜಿ ಮಾಡ್ಕ. ರೊಟ್ಟಿ ಆರ್ತಾವೆ.”

ರುದ್ರಣ್ಣ ಕರಡಿಗೆ ತೆರೆದು ಅದೇ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ನನಗೆ ಸ್ವಲ್ಪ ಹಗುರವೂ ಆಯಿತು. ಕರ್ಚೀಫು ನನ್ನ ಕಲ್ಪನೆ, ಒಳ್ಳೆಯ ಕಲ್ಪನೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಪೂಜೆ ಮುಗಿಸಿ ಅವರು ಒದ್ದೆ ಕೈ ಒರೆಸಿಕೊಳ್ಳಲು ಜೇಬಿನಿಂದ ಕರ್ಚೀಫು ತೆಗೆದರು.

ಬಿಳಿಯದು. ನೀಲಿ ಅಂಚು.

ಇದನ್ನು ಕೊಂಡದ್ದು ಯುರೋಪಿಗೆ ಹೋಗುವ ಮುಂಚೆಯೋ, ಬಂದ ಮೇಲೋ? ಕೇಳಿದೆ. ಅವರಿಗೆ ನೆನಪಿಲ್ಲವಂತೆ.